ಅಗರದ ಬಂಗಲೆಯ ಹೊಸ್ತಿಲುಗಳು

ಮನೆ ಕಟ್ಟುವ ಕಸುಬಿನ ಬಗ್ಗೆ ಓದಬೇಕೆಂದಿರುವವರು ಬೇರೆ ಯಾರದಾದರೂ ಬರಹ ಹುಡುಕಿಕೊಳ್ಳಿ. ನಾನು ಕಟ್ಟಿಸಿದ್ದು ಕಡಿಮೆ, ಒಡೆಸಿದ್ದೇ ಹೆಚ್ಚು. ಕೊಳ್ಳೇಗಾಲ, ಹನೂರು, ಯಳಂದೂರಿನ ಸುತ್ತಮುತ್ತ ಹಳೆಯ ಮನೆಗಳ ಗೋಡೆ ತೆಗೆಸಿ ಒಳಗೆ ಬೆಳಕು ಬಿಡಿಸುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ಹಳ್ಳಿಗಳಲ್ಲಿ ನನ್ನನ್ನು ಪ್ಲಾನಮ್ಮ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮನೆಹಾಳಿ ಎಂದೂ ಅನ್ನುತ್ತಿದ್ದರು. ನನಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಎರಡನ್ನೂ ಕೇಳಿಸಿಕೊಂಡಿದ್ದೇನೆ.

ಈಗ ಡಿಪ್ಲೊಮಾ ಮುಗಿಸಿ, ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಈ ಕೆಲಸಕ್ಕೆ ಇಳಿಯುತ್ತಿರುವ ಮಕ್ಕಳು ಆಗಾಗ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಅನುಭವದಲ್ಲಿ ಒಂದೆರಡು ಟಿಪ್ಸ್ ಹೇಳಿ" ಅನ್ನುತ್ತಾರೆ. ನನ್ನ ಹತ್ತಿರ ಟಿಪ್ಸ್ ಇಲ್ಲ, ಜಗಳಗಳಿವೆ. ಯಾರ ಜೊತೆ ಆಡಿದೆ, ಯಾಕೆ ಆಡಿದೆ, ಎಲ್ಲಿ ಗೆದ್ದೆ, ಎಲ್ಲಿ ಮಣ್ಣುಮುಕ್ಕಿದೆ ಅನ್ನುವುದನ್ನು ಬರೆದಿಡುತ್ತೇನೆ. ಬೇಕಾದ್ದನ್ನು ಆರಿಸಿಕೊಳ್ಳಿ.

ನಾನು ಹನೂರಿನವಳು. ಅಪ್ಪ ಅಲ್ಲಿನ ಮಾರುಕಟ್ಟೆಯಲ್ಲಿ ಮೂಟೆ ತೂಗಿಸುವ ಕೆಲಸದಲ್ಲಿದ್ದರು. ಐಟಿಐನಲ್ಲಿ ನಕ್ಷೆ ಬರೆಯುವುದನ್ನು ಕಲಿತು ಮುಗಿಸಿದ ಕೂಡಲೇ ಕೊಳ್ಳೇಗಾಲದ ಶಿವನಂಜಯ್ಯ ಎಂಬ ಎಂಜಿನಿಯರರ ಕೈಕೆಳಗೆ ಸೇರಿದೆ. ರೇಷ್ಮೆ ಸೀರೆ ಅಂಗಡಿಯೊಂದರ ಮಹಡಿಯ ಮೇಲೆ ಅವರ ಆಫೀಸು. ಕೆಲಸ ಬಲ್ಲವರು, ಬಾಯಿ ಮಾತ್ರ ಜೋರು. ಗಿರಾಕಿ ಬಂದರೆ ಯಜಮಾನನನ್ನು ಎದುರಿಗೆ ಕೂರಿಸಿಕೊಂಡು ದೇವರ ಮನೆ ಎಲ್ಲಿರಬೇಕು, ಆಫೀಸು ರೂಮು ಎಷ್ಟು ದೊಡ್ಡದಿರಬೇಕು, ಕಾರು ಎಲ್ಲಿ ನಿಲ್ಲಬೇಕು ಎಂದೆಲ್ಲ ಕೇಳುತ್ತಿದ್ದರು. ಹೆಂಡತಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೈಚೀಲ ಹಿಡಿದುಕೊಂಡು ಕೂತಿರುತ್ತಿದ್ದಳು. ಎಲ್ಲ ರೂಮುಗಳನ್ನೂ ಬರೆದಾದ ಮೇಲೆ ಯಾವ ಮೂಲೆ ಮಿಕ್ಕಿರುತ್ತದೋ ಅದು ಅಡಿಗೆಮನೆ. ಅದಕ್ಕೊಂದು ಕಿಟಕಿ ಸಿಕ್ಕರೆ ಪುಣ್ಯ.

ಒಂದು ದಿನ ತಡೆಯಲಾಗದೆ ಆ ಸ್ಟೂಲಿನ ಮೇಲಿದ್ದ ಹೆಂಗಸನ್ನೇ ಕೇಳಿಬಿಟ್ಟೆ: "ಅಮ್ಮಾ, ನೀವು ರುಬ್ಬೋವಾಗ ಎಲ್ಲಿಂದ ಬೆಳಕು ಬರುತ್ತೆ?" ಆಕೆ ಗಾಬರಿಯಾಗಿ ಗಂಡನ ಮುಖ ನೋಡಿದಳು. ಗಂಡ ಶಿವನಂಜಯ್ಯನವರ ಮುಖ ನೋಡಿದ. ಅವರು ಹೋದ ಮೇಲೆ ನನಗೆ ಚೆನ್ನಾಗಿಯೇ ಮಂಗಳಾರತಿಯಾಯಿತು.

"ನೀನು ಇಲ್ಲಿಗೆ ಗೆರೆ ಎಳೆಯೋಕೆ ಬಂದಿದ್ದೀಯೋ, ಪಂಚಾಯ್ತಿ ಮಾಡೋಕೆ ಬಂದಿದ್ದೀಯೋ?"

"ಎರಡಕ್ಕೂ ಸರ್."

ಕೈಯಲ್ಲಿದ್ದ ಸ್ಕೇಲು ಬೀಸಿ ಒಗೆದರು. ಅದು ನನಗೆ ತಗಲಲಿಲ್ಲ, ಕ್ಯಾಲೆಂಡರಿಗೆ ತಗಲಿತು. ಕೆಲಸದಿಂದ ಮಾತ್ರ ತೆಗೆಯಲಿಲ್ಲ, ಏಕೆಂದರೆ ನನ್ನಷ್ಟು ಚೊಕ್ಕವಾಗಿ ನಕ್ಷೆ ಬರೆಯುವವರು ಆಗ ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಬೈದದ್ದನ್ನು ಬರೆದ ಮೇಲೆ ಕಲಿಸಿದ್ದನ್ನೂ ಬರೆಯಬೇಕು. ಹಳೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಇಟ್ಟಿಗೆಯೋ ಮಣ್ಣೋ ಎಂದು ಕಿವಿಯಲ್ಲೇ ತಿಳಿಯುವುದನ್ನು ಕಲಿಸಿದವರು ಅವರೇ. ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನು ಸಿಮೆಂಟಿನಲ್ಲಿ ಅಂಟಿಸಿ, ಗಾಜು ಒಡೆಯುತ್ತದೆಯೋ ಇಲ್ಲವೋ ಎಂದು ಕಾದು ನೋಡುವುದನ್ನು ಕಲಿಸಿದವರೂ ಅವರೇ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದರ್ಥ, ಆಗ ಸುತ್ತಿಗೆ ಕೆಳಗಿಟ್ಟು ಸುಮ್ಮನಿರಬೇಕು. ಈಗ ಇದಕ್ಕೆಲ್ಲ ಮಷಿನ್‌ಗಳು ಬಂದಿವೆ. ಇರಲಿ, ಬಳಸಿ. ಆದರೆ ಗೋಡೆಗೊಮ್ಮೆ ಕಿವಿ ಕೊಡಲು ನಾಚಿಕೆಪಡಬೇಡಿ.

ಮುಂದೆ ಅವರು ಕಣ್ಮುಚ್ಚಿದ ಮೇಲೆ ನಾನೇ ಆಫೀಸು ತೆರೆದೆ. ಹೆಂಗಸಿನ ಕೈಗೆ ಮನೆ ಕಟ್ಟುವ ಕೆಲಸ ಕೊಡುವುದೇ ಎಂದು ಬಹಳ ಜನ ಮೂಗು ಮುರಿದರು. ಮೂಗು ಮುರಿದವರ ಮನೆಯ ಹೆಂಗಸರೇ ನನಗೆ ಕೆಲಸ ತಂದುಕೊಟ್ಟರು. ಜೊತೆಗೆ ಸೇರಿಕೊಂಡವರು ಸೆಲ್ವರಾಜ್ ಮೇಸ್ತ್ರಿ. ಅವರದು ಹನೂರಿನ ಆಚೆ, ತಮಿಳುನಾಡಿನ ಗಡಿಯ ಹಳ್ಳಿ. ಸಿಟ್ಟು ಬಂದರೆ ತಮಿಳು, ಸಮಾಧಾನವಿದ್ದರೆ ಕನ್ನಡ. ನನ್ನ ಜೊತೆ ಅವರು ಹೆಚ್ಚಾಗಿ ತಮಿಳನ್ನೇ ಮಾತಾಡಿದ್ದಾರೆ.

ಆಗೆಲ್ಲ ಗೋಡೆ ತೆಗೆಯುವಾಗ ಮೇಲಿನ ತೊಲೆಗೆ ಸರ್ವೆ ಮರದ ಕಂಬ ಕೊಟ್ಟು, ಉಳಿ ಸುತ್ತಿಗೆಯಿಂದ ಒಂದೊಂದೇ ಇಟ್ಟಿಗೆ ಬಿಡಿಸುತ್ತಿದ್ದೆವು. ಆಮೇಲೆ ಕಬ್ಬಿಣದ ಜಾಕಿ ಬಂತು, ಬ್ರೇಕರ್ ಮಷಿನ್ ಬಂತು. ಉಳಿ ಸುತ್ತಿಗೆಯ ಕಾಲದಲ್ಲಿ ಮನೆಯವರಿಗೆ ಮನಸ್ಸು ಬದಲಾಯಿಸಲು ವಾರವಾದರೂ ಸಿಗುತ್ತಿತ್ತು. ಈಗ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಗೋಡೆಯೇ ಇರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಮಷಿನ್ ತರಿಸುವ ಮುಂಚೆ ಮಾತು ಪೂರ್ತಿ ಮುಗಿಸಿಕೊಳ್ಳಿ.

ಮಾತು ಮುಗಿಸದೆ ಕೆಟ್ಟ ಕೆಲಸವೊಂದನ್ನು ಹೇಳುತ್ತೇನೆ. ಹನೂರಿನಲ್ಲಿ ರಾಚಪ್ಪ ಎಂಬ ಒಣಮೆಣಸಿನಕಾಯಿ ವ್ಯಾಪಾರಿ ಇದ್ದರು. ಫೋನಿನಲ್ಲಿ ಯಾವುದೋ ದೇಶದ ಹುಡುಗಿ ನಿಂತಿದ್ದ ಬಿಳಿಬಿಳಿ ಅಡಿಗೆಮನೆಯ ಫೋಟೋ ತೋರಿಸಿ, "ಪ್ಲಾನಮ್ಮ, ಇಂಗೇ ಬೇಕು, ಅಡಿಗೆಮನೆಗೂ ಆಲ್‌ಗೂ ನಡ್ವೆ ಏನೂ ಇರ್ಬಾರ್ದು" ಅಂದರು. ನಿಮ್ಮ ಮನೆಯಲ್ಲಿ ಖಾರದಪುಡಿ ಮನೆಯಲ್ಲೇ ಹುರಿದು ಮಾಡುತ್ತಾರೆ, ಸರಿಸುವ ಗಾಜಿನ ಬಾಗಿಲಾದರೂ ಇರಲಿ ಎಂದೆ. ಬೇಡವೇ ಬೇಡ ಅಂದರು. ನಾನೂ ವಾದ ಮಾಡಿ ಸಾಕಾಗಿ ಒಪ್ಪಿಕೊಂಡೆ. ಗೃಹಪ್ರವೇಶವಾದ ಮೊದಲ ವಾರವೇ ಅವರ ತಾಯಿ ಮೆಣಸಿನಕಾಯಿ ಹುರಿಯಲು ಕೂತರು. ಹಾಲ್‌ನಲ್ಲಿದ್ದ ಬೀಗರು ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ ಬೀದಿಗೆ ಓಡಿದರು.

ರಾಚಪ್ಪ ಫೋನಿನಲ್ಲಿ ಕೂಗಾಡಿದರು: "ಏನ್ ಕಣಮ್ಮ, ಇಂಗೆ ಮಾಡ್ಬುಟ್ಟಿದ್ದೀಯ?"

"ಆ ಫೋಟೋದಲ್ಲಿರೋ ಹುಡುಗಿ ಮೆಣಸಿನಕಾಯಿ ಹುರಿಯೋದನ್ನ ನೀವು ನೋಡಿದ್ರಾ?" ಎಂದು ನಾನೂ ಕೂಗಾಡಿದೆ. ಕೊನೆಗೆ ಗಾಜಿನ ಬಾಗಿಲು ಹಾಕಿಸಿದೆವು. ಅಷ್ಟರವರೆಗೆ ಅಲ್ಲೊಂದು ಹಳೇ ದುಪ್ಪಟಿ ತೂಗಾಡುತ್ತಿತ್ತು, ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಒಪ್ಪಬಾರದಿದ್ದ ಕಡೆ ಒಪ್ಪಿದರೆ ಹೀಗಾಗುತ್ತದೆ. ಆಮೇಲೆ ನಾನು ಸಾಕಾಗಿ ಒಪ್ಪಿಕೊಳ್ಳುವುದನ್ನು ಬಿಟ್ಟೆ.

ಇನ್ನು ಅಗರದ ಬಂಗಲೆ. ಅದು ನನ್ನ ಕೊನೆಯ ಕೆಲಸ. ಈ ಬರಹವನ್ನು ಶುರು ಮಾಡಿದ್ದೇ ಅದನ್ನು ಹೇಳುವುದಕ್ಕೆ.

ಮಂಡಿನೋವು ಜಾಸ್ತಿಯಾಗಿ, ಏಣಿ ಹತ್ತಲಾಗದೆ, ಇನ್ನು ಸಾಕು ಎಂದು ಬಾಡಿಗೆಯ ಆಫೀಸು ಬಿಡುವ ಮಾತಾಡುತ್ತಿದ್ದ ಕಾಲ. ಒಂದು ಫೋನು ಬಂತು.

"ಪ್ಲಾನಮ್ಮನೋರಾ? ನಾನು ಅಗರದಿಂದ ಗೌರಮ್ಮ ಅಂತ ಮಾತಾಡ್ತಿರಾದು. ನಮ್ಮಟ್ಟಿ ಗೋಡೆ ಒಡೀಬೇಕು. ಬತ್ತೀರಾ?"

"ಮನೆಯ ಯಾವ ಗೋಡೆಯಮ್ಮ?"

"ನನಗೆ ಅಡ್ಡ ಬರೋವೆಲ್ಲಾನೂವೆ."

ಇಂಥ ಮಾತು ಕೇಳಿದ ಮೇಲೆ ಮಂಡಿನೋವು ಎಂದು ಮನೆಯಲ್ಲಿ ಕೂರಲಾಗುತ್ತದೆಯೆ? ಮಾರನೆಯ ದಿನವೇ ಸೆಲ್ವರಾಜರನ್ನು ಕರೆದುಕೊಂಡು ಯಳಂದೂರಿನ ದಾರಿ ಹಿಡಿದೆ.

ಎರಡಂತಸ್ತಿನ ಮನೆ, ಊರವರೆಲ್ಲ ಬಂಗಲೆ ಎಂದೇ ಕರೆಯುತ್ತಿದ್ದರು. ರೇಷ್ಮೆಗೆ ಒಳ್ಳೆಯ ಬೆಲೆಯಿದ್ದ ಕಾಲದಲ್ಲಿ ಗೌರಮ್ಮನ ಮಾವ ಕಟ್ಟಿಸಿದ್ದು. ಹೊರಗಿನಿಂದ ನೋಡಿದರೆ ಕಂಬ, ಕಮಾನು, ಭರ್ಜರಿಯಾಗಿತ್ತು. ಒಳಗೆ ಕಾಲಿಟ್ಟರೆ ಹಗಲಿನಲ್ಲೂ ಕಗ್ಗತ್ತಲೆ. ಕಾರಣವಿತ್ತು. ಆ ನಡುಮನೆ ಮನುಷ್ಯರಿಗಾಗಿ ಕಟ್ಟಿದ್ದಲ್ಲ, ರೇಷ್ಮೆ ಹುಳುವಿಗಾಗಿ ಕಟ್ಟಿದ್ದು. ಹುಳುವಿಗೆ ಬೆಳಕು ಜಾಸ್ತಿಯಾಗಬಾರದು, ಗಾಳಿ ನುಗ್ಗಬಾರದು, ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಒಳಗೆ ಬರಬಾರದು. ಹಾಗಾಗಿ ಕಿಟಕಿಗಳು ಅಂಗೈಯಗಲ, ಅವಕ್ಕೂ ಜಾಲರಿ, ಜಾಲರಿಯ ಮೇಲೆ ಗೋಣಿತಾಟು. ಒಂದೊಂದು ಕೋಣೆಯನ್ನೂ ಬೇರೆ ಬೇರೆ ಮುಚ್ಚಿ ಬೆಚ್ಚಗಿಡಲು ಇಕ್ಕಟ್ಟಾದ ಬಾಗಿಲುಗಳು, ಬಾಗಿಲಿಗೊಂದು ಎತ್ತರದ ಮರದ ಹೊಸ್ತಿಲು. ಹುಳುಸಾಕಣೆ ತೋಟದ ಶೆಡ್ಡಿಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಗೋಣಿತಾಟು ಮಾತ್ರ ಕಿಟಕಿಯಲ್ಲೇ ಇತ್ತು. ಹುಳುಗಳು ಬಿಟ್ಟುಹೋದ ಕತ್ತಲೆಯಲ್ಲಿ ಮನುಷ್ಯರು ಬದುಕುತ್ತಿದ್ದರು.

ಗೌರಮ್ಮನಿಗೆ ಕಣ್ಣಿನ ನರದ ಕಾಯಿಲೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದಿರುವುದನ್ನು ಔಷಧಿಯಿಂದ ಉಳಿಸಿಕೊಳ್ಳಬಹುದು, ಒಳ್ಳೆಯ ಬೆಳಕಿದ್ದರೆ ಆಕಾರಗಳು ಕಾಣುತ್ತವೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಆ ಮನೆಯಲ್ಲಿ ಬೆಳಕು ಎಲ್ಲಿಂದ ಬರಬೇಕು? ಒಂದು ದಿನ ಸಾರಿನ ಪಾತ್ರೆ ಹಿಡಿದು ಅಡಿಗೆಮನೆಯಿಂದ ನಡುಮನೆಗೆ ಬರುವಾಗ ಹೊಸ್ತಿಲು ಎಡವಿ ಬಿದ್ದರು. ಸಾರು ಕಾಲಿನ ಮೇಲೆ ಸುರಿದು ಬೊಬ್ಬೆ ಎದ್ದಿತು. ಅವರ ಗಂಡ ಮಾದಪ್ಪ ಮಾರನೆಯ ದಿನವೇ ಅಡಿಗೆಗೆ ಹೆಂಗಸೊಬ್ಬಳನ್ನು ಗೊತ್ತುಮಾಡಿ, ನಡುಮನೆಯ ಮೂಲೆಯಲ್ಲಿ ಒಂದು ಕುರ್ಚಿ ಹಾಕಿ ಗೌರಮ್ಮನನ್ನು ಕೂರಿಸಿದರು. ನಾನು ಹೋದಾಗ ಅವರು ಆ ಕುರ್ಚಿಯಲ್ಲೇ ಇದ್ದರು.

ಮಾದಪ್ಪ ಕೆಟ್ಟವರಲ್ಲ. ಒಳ್ಳೆಯವರ ಜೊತೆ ಜಗಳ ಆಡುವುದೇ ಕಷ್ಟದ ಕೆಲಸ. "ತಿರ್ಗಾ ಬಿದ್ದು ಇನ್ನೇನಾರ ಮಾಡ್ಕಂಡ್ರೆ ಏನ್ ಗತಿ ಹೇಳಿ ಮೇಡಂ? ಅದುಕ್ಕೆ ಕುಂತ್ಕಂಡು ನೆಮ್ಮದಿಯಾಗಿ ಉಣ್ಲಿ ಅಂತ," ಅಂದರು.

"ಕುಂತ್ಕಂಡು ಉಣ್ಣಾಕೆ ನಾನೇನ್ ನೆಂಟ್ರವಳಾ?" ಮೂಲೆಯಿಂದ ಗೌರಮ್ಮನ ದನಿ ಬಂತು. "ನನ್ನ ಒಲೆ ಮುಂದೆ ಬೇರೆಯೋಳು ನಿಂತವ್ಳೆ. ಉಪ್ಪು ಎಲ್ಲಿಟ್ಟಿದ್ದೀ ಅಂದ್ರೆ ನಿಮಗ್ಯಾಕವ್ವ ಅಂತಳೆ. ಮದ್ವೆಯಾಗಿ ಈ ಅಟ್ಟಿಗೆ ಬಂದಾಗ್ನಿಂದ ಒಂದಿನಾನೂ ಇಂಗೆ ಅನ್ನಿಸ್ಕಂಡಿರ್ನಿಲ್ಲ, ಪ್ಲಾನಮ್ಮ." ಹೇಳುತ್ತಲೇ ಅತ್ತರು. ಮಾದಪ್ಪ ತಲೆ ತಗ್ಗಿಸಿಕೊಂಡು ಟವೆಲಿನಿಂದ ಸುಮ್ಮನೆ ಮುಖ ಒರೆಸಿಕೊಂಡರು. ನಾನು ಅಳತೆ ಟೇಪು ತೆಗೆದು ಕೆಲಸ ಶುರು ಮಾಡಿದೆ, ನನಗೆ ಗೊತ್ತಿರುವ ಸಮಾಧಾನ ಅದೊಂದೇ.

ನನ್ನದೊಂದು ಪದ್ಧತಿಯಿದೆ, ಇದನ್ನು ಬೇಕಾದರೆ ಇಟ್ಟುಕೊಳ್ಳಿ. ನಕ್ಷೆ ಬರೆಯುವ ಮೊದಲು ಆ ಮನೆಯಲ್ಲಿ ಹೆಚ್ಚು ಓಡಾಡುವವರನ್ನು ಓಡಾಡಲು ಹೇಳಿ, ನಾನು ಸೀಮೆಸುಣ್ಣ ಹಿಡಿದು ಹಿಂದೆ ಹೋಗುತ್ತೇನೆ. ಗೌರಮ್ಮನಿಗೂ, "ಸಾರು ಮಾಡೋವಾಗ ಹೇಗೆ ಓಡಾಡ್ತಿದ್ರೋ ಹಾಗೇ ನಡೀರಿ" ಅಂದೆ. ಅವರ ಕೈ ತಡಕಾಡಿದ ಕಡೆಯಲ್ಲೆಲ್ಲ ಗೋಡೆಗೆ ಒಂದು ಗೀಟು, ಕಾಲು ತಾಗಿದ ಕಡೆಯಲ್ಲೆಲ್ಲ ನೆಲಕ್ಕೆ ಒಂದು ಗೀಟು. ಒಲೆಯಿಂದ ಮುಂಬಾಗಿಲವರೆಗೆ ಹೋಗಿ ಬರುವಷ್ಟರಲ್ಲಿ ಕೆಂಪು ನೆಲದ ತುಂಬ ಬಿಳಿ ಗೀಟುಗಳಾದವು. ಹೊಸ್ತಿಲುಗಳ ಹತ್ತಿರವಂತೂ ಗೀಟಿನ ಮೇಲೆ ಗೀಟು.

ಮಾದಪ್ಪ ಬಾಗಿ ಅದನ್ನೇ ಬಹಳ ಹೊತ್ತು ನೋಡಿದರು. "ಇಷ್ಟು ಕಡೆ ತಾಗಸ್ಕತಿದ್ಲಾ?" ಅಂದರು. ಅಡಿಗೆಮನೆಗೂ ನಡುಮನೆಗೂ ಮಧ್ಯದ ಗೋಡೆ ಹೋಗಲಿ, ಒಳಬಾಗಿಲುಗಳು ಹೋಗಲಿ, ಒಳಗಿನ ಹೊಸ್ತಿಲುಗಳೆಲ್ಲ ಹೋಗಲಿ, ಮುಂಬಾಗಿಲಿನದೊಂದು ಇರಲಿ ಎಂದು ನಾನು ಹೇಳಿದ್ದಕ್ಕೆ ತಲೆಯಾಡಿಸಿದರು. "ಆದ್ರೆ ಅಣ್ಣನ್ನ ಒಂದ್ ಮಾತು ಕೇಳ್ಬೇಕು" ಅಂತಲೂ ಸೇರಿಸಿದರು.

ಅಣ್ಣ ಬಸಪ್ಪನವರ ಮನೆ ಬೀದಿಯ ಆಚೆ ಬದಿ, ಬಂಗಲೆಯ ಎದುರಿಗೇ. ಇಲ್ಲಿ ಆ ಮನೆಯ ಒಂದು ರೂಢಿಯನ್ನು ಹೇಳಬೇಕು. ಗೌರಮ್ಮ ಮದುವೆಯಾಗಿ ಬಂದಂದಿನಿಂದ ಆ ಬಾವನ ಎದುರು ನಿಂತು ಮಾತಾಡಿದವರಲ್ಲ. ಅವರು ಬಂದರೆ ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲುವುದು. ಹೇಳಬೇಕಾದ್ದನ್ನು ಗಂಡನಿಗೆ ಹೇಳುವುದು, ಗಂಡ ಅಣ್ಣನಿಗೆ ದಾಟಿಸುವುದು. ಗಂಡ ಇಲ್ಲದಿದ್ದರೆ, "ಊಟಕ್ಕೆ ಏಳ್ಬೇಕಂತೆ" ಎಂದು ಗೋಡೆಗೆ ಹೇಳಿದ ಹಾಗೆ ಹೇಳುವುದು. ಬಸಪ್ಪನವರ ಮಟ್ಟಿಗೆ ಗೌರಮ್ಮ ಎಂದರೆ ಬಾಗಿಲ ಸಂದಿನ ಒಂದು ದನಿ.

ನಕ್ಷೆ ನೋಡಿ ಬಸಪ್ಪನವರು ಕನ್ನಡಕ ತೆಗೆದರು. "ಒಳಗ್ಲ ಒಸ್ಲು ಕಿತ್ರೆ ಅದು ಅಟ್ಟಿ ಅನ್ನಿಸ್ಕತದಾ? ಲಕ್ಷ್ಮಿ ನಿಲ್ತಾಳಾ? ಬಂದೋರ್ಗೆಲ್ಲ ಅಡಿಗೆಮನೆ ಕಾಣೋ ಅಂಗೆ ಮಾಡಿದ್ರೆ ಹೆಣ್ಮಕ್ಕಳು ಎಲ್ಲಿ ನಿಂತ್ಕಬೇಕು?"

ಇಷ್ಟು ವರ್ಷ ವಾಸ್ತು, ಲಕ್ಷ್ಮಿ, ದೃಷ್ಟಿ ಎಂದು ಏನೇನೋ ಕೇಳಿದ್ದೇನೆ. ಎಲ್ಲದರ ಕೆಳಗೆ ಇದ್ದದ್ದು ಇದೇ ಕೊನೆಯ ಪ್ರಶ್ನೆ.

"ಬೆಳಕಲ್ಲಿ ನಿಂತ್ಕೋತಾರೆ, ಯಜಮಾನ್ರೇ," ಅಂದೆ.

"ಅಂಗಾರೆ ನಾನು ಆ ಅಟ್ಟಿಗೆ ಕಾಲಿಡಾಕಿಲ್ಲ ಕಣಮ್ಮ." ನಕ್ಷೆಯನ್ನು ಮಡಚಿ ವಾಪಸು ಕೊಟ್ಟರು.

ಮಾದಪ್ಪ ಎರಡು ದಿನ ಮಂಕಾಗಿದ್ದರು. ಮೂರನೆಯ ದಿನ ಫೋನು ಮಾಡಿ, "ಗೋಡೆಯಿಂದ ಶುರು ಮಾಡಿ, ಒಸ್ಲು ಆಮ್ಯಾಕೆ ನೋಡುವ" ಅಂದರು. ಅಷ್ಟು ಸಾಕಾಗಿತ್ತು. ಸೆಲ್ವರಾಜ್ ಜಾಕಿ ಕೊಟ್ಟು ಮೇಲಿನ ತೊಲೆಗಳನ್ನು ಹಿಡಿದು ನಿಲ್ಲಿಸಿದರು. ಗೋಡೆಯಿದ್ದ ಜಾಗದಲ್ಲಿ ಮೇಲೆ ಕಬ್ಬಿಣದ ತೊಲೆ ಕೂತಿತು, ಕೆಳಗೆ ಗೋಡೆ ಇಳಿಯಿತು. ಕಿಟಕಿಗಳ ಗೋಣಿತಾಟು ಕಿತ್ತು ಅಂಗಳಕ್ಕೆ ಎಸೆದೆವು. ದೂಳು ಇಳಿದ ಮೇಲೆ ಒಲೆಯ ಹತ್ತಿರ ನಿಂತು ನೋಡಿದರೆ ಬೀದಿಯಲ್ಲಿ ಹೋಗುವ ಸೈಕಲ್ಲು ಕಾಣುತ್ತಿತ್ತು.

ಅಲ್ಲೊಂದು ಎಡವಟ್ಟೂ ಆಯಿತು. ಬೆಳಕು ಬೇಕು ಬೇಕು ಎಂಬ ಹುಮ್ಮಸ್ಸಿನಲ್ಲಿ ಪಡುವಣ ಗೋಡೆಗೆ ದೊಡ್ಡ ಕಿಟಕಿ ಇಡಿಸಿಬಿಟ್ಟಿದ್ದೆ. ಸಂಜೆ ಬಿಸಿಲು ನೇರ ಒಳಗೆ ನುಗ್ಗಿತು. ಗೌರಮ್ಮ ಕೈಯಿಂದ ಕಣ್ಣು ಮುಚ್ಚಿಕೊಂಡು, "ಪ್ಲಾನಮ್ಮ, ಇದು ಕತ್ತಲೆಗಿಂತ ಕಷ್ಟ ಕಣ್ರಿ, ಏನೂ ಕಾಣ್ನಿಲ್ಲ" ಅಂದರು. ಮಂದವಾದ ಕಣ್ಣಿಗೆ ಎದುರು ಬಿಸಿಲು ಕೂಡ ಗೋಡೆಯೇ. ಮಾರನೆಯ ದಿನ ಆ ಕಿಟಕಿಯನ್ನು ಮುಚ್ಚಿಸಿ, ಉತ್ತರಕ್ಕೆ ಎತ್ತರದಲ್ಲಿ ಕಿಟಕಿ ಸಾಲು ಇಡಿಸಿದೆ. ಮಹಡಿಯಿಲ್ಲದ ಅಡಿಗೆಮನೆಯ ಮೇಲಿನ ಹೆಂಚುಗಳ ನಡುವೆ ಗಾಜಿನ ಹೆಂಚು ಹಾಕಿಸಿ, ಅದರ ಕೆಳಗೆ ಬಿಳಿ ಬಟ್ಟೆ ಬಿಗಿದು ಬೆಳಕನ್ನು ಮೆತ್ತಗೆ ಮಾಡಿದೆ. ಸೆಲ್ವರಾಜ್ ಆ ಕಿಟಕಿ ಮುಚ್ಚುವಷ್ಟು ಹೊತ್ತೂ ತಮಿಳಿನಲ್ಲೇ ಇದ್ದರು.

ಇನ್ನು ಹೊಸ್ತಿಲ ಸರದಿ. ಗೋಡೆ ಹೋಗಿದ್ದರೂ ಗೌರಮ್ಮ ಎಡವಿ ಬಿದ್ದಿದ್ದ ನಡುಮನೆಯ ಆ ದೊಡ್ಡ ಹೊಸ್ತಿಲು ನೆಲಕ್ಕೆ ಕಚ್ಚಿಕೊಂಡು ಅಲ್ಲೇ ಇತ್ತು. ಸೆಲ್ವರಾಜ್ ಹಾರೆ ತೆಗೆದುಕೊಂಡು ಬರುವುದಕ್ಕೂ ಬಸಪ್ಪನವರು ಬೀದಿ ದಾಟಿ ಒಳಗೆ ಬರುವುದಕ್ಕೂ ಸರಿಹೋಯಿತು. ಯಾರನ್ನೂ ಮಾತಾಡಿಸದೆ ನೇರವಾಗಿ ಬಂದು ಆ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಈಗ ಕೀಳಿ ನೋಡ್ತೀನಿ."

ಸೆಲ್ವರಾಜ್ ನನ್ನ ಮುಖ ನೋಡಿದರು. ನಾನು ಹೇಳಿದೆ: "ಯಜಮಾನ್ರೇ, ಹೊಸ್ತಿಲ ಮೇಲೆ ಕೂರಬಾರದು ಅಂತ ನಮ್ಮ ಅಜ್ಜಿ ಬೆನ್ನಿಗೆ ಗುದ್ದುತ್ತಿದ್ದರು. ನಿಮ್ಮ ಮನೇಲಿ ಕೂರಬಹುದಾ?"

ಕೆಂಡ ಮೆಟ್ಟಿದವರ ಹಾಗೆ ಎದ್ದರು. ಕೂತಿದ್ದ ಜಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೂ ಬಿಟ್ಟರು, ಆಮೇಲೆ ನಾಚಿಕೊಂಡರು. ಸೆಲ್ವರಾಜ್ ಆ ಸಂದಿನಲ್ಲೇ ಹಾರೆ ಮುಂದೆ ಮಾಡಿದರು. ಆದರೆ ಬಸಪ್ಪನವರು ದಡ್ಡರಲ್ಲ.

"ಕೂತ್ರೆ ತಪ್ಪು, ಕಿತ್ರೆ ಸರಿಯಾ? ಹೇಳಮ್ಮ ನೀನೇಯ."

ಅಷ್ಟರಲ್ಲಿ ಒಲೆಯ ಕಡೆಯಿಂದ ಗೌರಮ್ಮ ನಡೆದುಬಂದರು. ಮರೆಗೆ ನಿಲ್ಲಲು ಅಲ್ಲಿ ಬಾಗಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಹೊಸ್ತಿಲ ಈಚೆ ಅವರು, ಆಚೆ ಬಾವ.

"ನಾ ಹೇಳ್ತೀನಿ ಬಾವ," ಅಂದರು. "ಈ ಒಸ್ಲಿಗೆ ದಿನಾ ಅರ್ಸ್ನ ಬಳ್ದೋಳು ನಾನು. ರಂಗೋಲಿ ಬುಟ್ಟೋಳು ನಾನು. ಜರ ಬಂದಾಗ್ಲೂ ಎದ್ದು ಒರ್ಸಿದ್ದೀನಿ. ನಿಮ್ಮಲ್ಲಿ ಯಾರಾರ ಒಂದಿನ ಬಳ್ದಿದ್ದೀರಾ? ಇದ್ರ ಮ್ಯಾಲೆ ಬಿದ್ದು ಕಾಲು ಸುಟ್ಕಂಡೋಳೂ ನಾನೇಯ. ಪೂಜೆ ಮಾಡೋವಾಗ ಇದು ನನ್ದು, ಕೀಳೋವಾಗ ನಿಮ್ದಾ? ನನ್ನ ಒಸ್ಲು ಇದು. ನಾನೇ ಕೀಳಿಸ್ತೀನಿ."

ಗೌರಮ್ಮ ಅರಿಸಿನ ತರಿಸಿಕೊಂಡು ಕೂತು, ಹೊಸ್ತಿಲ ಈ ತುದಿಯಿಂದ ಆ ತುದಿಯವರೆಗೆ ಕೈಯಲ್ಲಿ ಸವರಿಕೊಂಡು ಬಳಿದರು. ಕುಂಕುಮ ಇಟ್ಟರು. ಹಣೆ ಮುಟ್ಟಿಸಿ ನಮಸ್ಕಾರ ಮಾಡಿ, "ತೆಗೀಪ್ಪಾ" ಅಂದರು.

"ಸೆರಿ ಅಕ್ಕಾ," ಅಂದರು ಸೆಲ್ವರಾಜ್. ಹಾರೆಯ ಇನ್ನೊಂದು ತುದಿಯನ್ನು ಮಾದಪ್ಪನವರೇ ಬಂದು ಹಿಡಿದರು. ಅಣ್ಣನ ಕಡೆಗೆ ತಿರುಗಿ ನೋಡಲಿಲ್ಲ. ಮರ ಕಿರುಗುಟ್ಟಿ ಮೇಲೆದ್ದಿತು. ಬಸಪ್ಪನವರು ಹೊರಗೆ ಹೋದರು, ಕೆಲಸ ಮುಗಿಯುವವರೆಗೂ ಮತ್ತೆ ಬರಲಿಲ್ಲ.

ಮಿಕ್ಕ ಹೊಸ್ತಿಲುಗಳಿಗೆ ಯಾರ ತಕರಾರೂ ಇರಲಿಲ್ಲ. ಅವು ಇದ್ದ ಜಾಗಗಳನ್ನು ಅದೇ ಕೆಂಪು ಗಾರೆಯಿಂದ ತುಂಬಿ ಸಮ ಮಾಡಿದೆವು. ಗೋಡೆಗಳಿಗೆ ಬಿಳಿ, ಅಡಿಗೆ ಕಟ್ಟೆಯ ಅಂಚಿಗೆ ಕಪ್ಪು ಕಲ್ಲಿನ ಪಟ್ಟಿ, ಬಿಳಿಯ ಮೇಲೆ ಕಪ್ಪು ಗೌರಮ್ಮನ ಕಣ್ಣಿಗೆ ತಿಳಿಯುತ್ತಿತ್ತು. ಕಟ್ಟೆ ಎಲ್ಲಿ ಮುಗಿಯುತ್ತದೆ, ಪಾತ್ರೆ ಎಲ್ಲಿ ಕೂರುತ್ತದೆ ಎಂದು ಅವರು ಬೆಳಗ್ಗೆ ಸಂಜೆ ಅಭ್ಯಾಸ ಮಾಡಿದರು. ಮೊದಲು ಖಾಲಿ ಪಾತ್ರೆ, ಆಮೇಲೆ ತಣ್ಣೀರು, ಆಮೇಲೆ ಬಿಸಿನೀರು. ಮಾದಪ್ಪ ಪ್ರತಿ ಸಲವೂ ಕೈ ಚಾಚಿಕೊಂಡು ಹಿಂದೆ ಹಿಂದೆಯೇ ಹೋಗುತ್ತಿದ್ದರು. ಕೊನೆಗೆ ಗೌರಮ್ಮ, "ನೀವು ಒಸಿ ಆಚ್ಗೋಗಿ, ಈಗ ಅಡ್ಡ ಬರ್ತಿರಾದು ನೀವೊಬ್ರೇಯ" ಎಂದು ಗದರಿದರು. ಅಡಿಗೆಯವಳು ತರಕಾರಿ ಹೆಚ್ಚಿಕೊಡುವ ಕೆಲಸಕ್ಕೆ ಉಳಿದುಕೊಂಡಳು. ಒಲೆಯ ಮುಂದಿನ ಜಾಗ ಬಿಟ್ಟುಕೊಟ್ಟಳು.

ಪೂಜೆಯ ದಿನ ನಮ್ಮನ್ನೂ ಊಟಕ್ಕೆ ಕರೆದಿದ್ದರು. ಅಯ್ನೋರು ಬಂದು ಪೂಜೆ ಮುಗಿಸಿದರು. ಹೊಸ್ತಿಲ ವಿಷಯ ಎತ್ತುತ್ತಾರೇನೋ ಎಂದು ನಾನು ಸೆರಗು ಬಿಗಿದು ತಯಾರಾಗಿ ಕೂತಿದ್ದೆ. ಅವರು ಅದರ ಬಗ್ಗೆ ಚಕಾರವೆತ್ತದೆ, "ಬೆಳಕು ಚೆಂದಾಗದೆ, ಕನ್ನಡಕ ಇಲ್ದೇನೇ ಮಂತ್ರ ಓದ್ದೆ" ಎಂದು ಹೇಳಿ ಖುಷಿಯಿಂದ ಎದ್ದರು. ಜಗಳ ಸಿಗದೆ ನನಗೆ ಒಂಥರಾ ನಿರಾಸೆಯೇ ಆಯಿತು.

ಎಲೆ ಹಾಕಿದರು. ಒಂದು ಎಲೆಯ ಮುಂದೆ ಯಾರೂ ಇರಲಿಲ್ಲ. ಬಸಪ್ಪನವರು ಎದುರುಗಡೆ ತಮ್ಮ ಮನೆಯ ಜಗಲಿಯ ಮೇಲೆ ಕೂತು ಈ ಕಡೆಯೇ ನೋಡುತ್ತಿದ್ದರು. ಕರೆಯಲು ಹೋದ ಮಾದಪ್ಪ ಒಬ್ಬರೇ ವಾಪಸು ಬಂದರು. "ಅಣ್ಣ ಬರಾಕಿಲ್ವಂತೆ, ಬಡ್ಸು" ಅಂದರು.

ಗೌರಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಕೈ ಒರೆಸಿಕೊಂಡು, ಒಲೆಯಿಂದ ಹೊರಟು ನಡುಮನೆ ದಾಟಿ ಮುಂಬಾಗಿಲವರೆಗೆ ನಡೆದರು. ಗೋಡೆ ತಡಕಲಿಲ್ಲ, ಯಾರ ಹೆಗಲನ್ನೂ ಹಿಡಿಯಲಿಲ್ಲ. ಬಾಗಿಲಲ್ಲಿ ನಿಂತು, ಎದುರಿನ ಜಗಲಿಯ ಸುಣ್ಣದ ಗೋಡೆಗೆ ಒರಗಿ ಕೂತಿದ್ದ ಆಕಾರವನ್ನು ನೋಡಿದರು.

"ಬಾವ, ಅನ್ನ ಆರೋಯ್ತದೆ. ಇವತ್ತು ಸಾರು ನಾನು ಮಾಡಿವ್ನಿ."

ಇಷ್ಟು ವರ್ಷಗಳಲ್ಲಿ ಆಕೆ ಅವರನ್ನು ಬೀದಿಗೆ ಕೇಳುವ ಹಾಗೆ ಕರೆದದ್ದು ಅದೇ ಮೊದಲು. ಅಕ್ಕಪಕ್ಕದ ಜಗಲಿಯವರೆಲ್ಲ ತಿರುಗಿ ನೋಡಿದರು. ಬಸಪ್ಪನವರು ಟವೆಲು ಕೊಡವಿದರು, ಮತ್ತೆ ಹೆಗಲಿಗೆ ಹಾಕಿದರು, ಕೊನೆಗೆ ಎದ್ದು ಬೀದಿ ದಾಟಿದರು.

ಮುಂಬಾಗಿಲ ಹೊಸ್ತಿಲನ್ನು ಬಲಗಾಲಿಟ್ಟು ಸರಿಯಾಗಿಯೇ ದಾಟಿದರು. ನಡುಮನೆಗೆ ಬಂದರು. ಹುಟ್ಟಿ ಬೆಳೆದ ಮನೆ, ಕಾಲಿಗೆ ಅಭ್ಯಾಸವಾಗಿತ್ತು. ಒಳಹೊಸ್ತಿಲು ಇದ್ದ ಜಾಗ ಬಂದ ಕೂಡಲೇ ಕಾಲು ತಾನಾಗಿಯೇ ಮೇಲೆದ್ದಿತು. ದಾಟಲು ಅಲ್ಲಿ ಏನೂ ಇರಲಿಲ್ಲ. ಎತ್ತಿದ ಕಾಲು ಧಡ್ಡನೆ ನೆಲಕ್ಕೆ ಬಡಿದು, ಪಂಚೆ ಕಾಲಿಗೆ ಸಿಕ್ಕಿ, ಮುಗ್ಗರಿಸಿ ತಮ್ಮನ ಭುಜ ಹಿಡಿದು ಹೇಗೋ ನಿಂತರು. ಸೆಲ್ವರಾಜ್ ನಗು ತಡೆಯಲು ಎಲೆಯ ಮೇಲಿನ ಉಪ್ಪನ್ನೇ ದಿಟ್ಟಿಸಿದರು. ನಾನೂ ತಲೆ ತಗ್ಗಿಸಿದೆ.

ಗೌರಮ್ಮ ನಗಲಿಲ್ಲ.

"ಎಡವಾದು ಎಲ್ಲಾರ್ಗೂ ಉಂಟು, ಬಾವ," ಅಂದರು. "ಅಷ್ಟುಕ್ಕೇ ನಾಳಿಂದ ನಿಮ್ಮನ್ನ ಯಾರೂ ಮೂಲೇಲಿ ಕೂರ್ಸಾಕಿಲ್ಲ. ಬನ್ನಿ, ಎಲೆ ಆಕಿವ್ನಿ."

ಬಸಪ್ಪನವರು ಬಂದು ಎಲೆಯ ಮುಂದೆ ಕೂತರು. ಗೌರಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಲೆಯಿಂದ ನೇರ ನಡೆದುಬಂದು, ಅವರ ಎದುರೇ ನಿಂತು ಬಡಿಸಿದರು.